ಮೂರು ವರ್ಗಾವಣೆ ಕಂಡ ಕೇಬಲ್

“ವಿಶಾಖಪಟ್ನದಲ್ಲಿ ಮಿಕ್ಕಿದ್ದ ವೈರು ಇಲ್ಲಿ ಯಾಕಪ್ಪಾ ಸಾಲ್ತಿಲ್ಲ?”

ತಾರಸಿಯ ಮೇಲೆ ದಿನಕರ ತನ್ನಷ್ಟಕ್ಕೆ ಕೇಳಿಕೊಂಡದ್ದು ಕೆಳಗಿನ ಅಂತಸ್ತಿನ ಕಿಟಕಿಯಲ್ಲಿ ನಿಂತಿದ್ದ ಹೆಂಡತಿ ಶಾರದೆಗೆ ಕೇಳಿಸಿತು. ಉತ್ತರ ಅವಳಿಗೆ ಗೊತ್ತಿತ್ತು. ಬ್ಯಾಂಕು ಎತ್ತಂಗಡಿ ಮಾಡಿದಾಗಲೆಲ್ಲ ಅವನು ಟೀವಿಯ ಡಿಶ್ಶಿನ ಜೊತೆ ಆ ಕರಿ ಕೇಬಲನ್ನೂ ಹಾಸಿಗೆಯೊಳಗೆ ಸುತ್ತಿ ತರುತ್ತಿದ್ದ. “ಒಳಗೆ ಅಪ್ಪಟ ತಾಮ್ರ ಕಣೇ, ಈಗಿನದ್ದೆಲ್ಲ ಬರೀ ಲೇಪ” ಎಂಬ ಹೆಮ್ಮೆ. ಪ್ರತಿ ಊರಲ್ಲೂ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸುವಾಗ ಮೊಳ, ಎರಡು ಮೊಳ ಹೋಗುತ್ತಿತ್ತು. ಹಾಗೆ ಹೋದ ಮೊಳಗಳೇ ಇವತ್ತು ಗವರ್ನರ್‌ಪೇಟೆಯ ಈ ಬಾಡಿಗೆ ಮನೆಯಲ್ಲಿ ಕಡಿಮೆ ಬಿದ್ದಿದ್ದವು.

ಮೆಟ್ಟಿಲ ಗೋಡೆಗುಂಟ ತಂದರೆ ಸಾಲದು. ನಡುವೆ ಇನ್ನೊಂದು ತುಂಡು ಜೋಡಿಸಿದರೆ ಮಳೆನೀರು ಇಳಿದು ಚಿತ್ರ ಒಡೆಯುತ್ತದೆ. ನೇರ ಕಿಟಕಿಗೇ ಇಳಿಬಿಡುವುದೆಂದು ಅವನು ತೀರ್ಮಾನಿಸಿದ್ದ. ಆದರೆ ಕಿಟಕಿಯಿಂದ ಎರಡು ಮಾರು ಆಚೆ ಹೈಟೆನ್ಷನ್ ತಂತಿ ಗುಂಯ್‌ಗುಡುತ್ತಿತ್ತು. ಆ ಕಿಟಕಿಯಲ್ಲಿ ಬಟ್ಟೆ ಕೂಡ ಒಣಹಾಕಬೇಡಿ, ಹೋದ ತಿಂಗಳು ಕಣ್ಣೆದುರಿಗೇ ಎರಡು ಕಾಗೆ ಸುಟ್ಟುಹೋದವು ಎಂದು ಮನೆಯೊಡತಿ ಸೀತಾಮಹಾಲಕ್ಷ್ಮಿ ಬೆಳಿಗ್ಗೆಯೇ ಶಾರದೆಗೆ ತೆಲುಗಿನಲ್ಲಿ ಎಚ್ಚರಿಸಿದ್ದರು.

“ಆರು ಗಂಟೆ ಆಗ್ತಾ ಬಂತು, ಟೀವೀಲಿ ಕಾವ್ಯವಾಚನ ಶುರುವಾಗುತ್ತೆ,” ಒಳಗಿನಿಂದ ಅತ್ತೆ ಚೆನ್ನಮ್ಮ ಕೂಗಿದರು. “ನನ್ನ ಮಗ ರುಜು ಹಾಕೋಕೆ ಲಾಯಕ್ಕು, ವೈರ್ ಎಳೆಯೋಕಲ್ಲ!” ಈ ಊರಿಗೆ ಬಂದು ಹತ್ತು ದಿನ. ಆ ಅರ್ಧಗಂಟೆಯ ಕನ್ನಡಕ್ಕಾಗಿ ಅವರ ಕಿವಿ ಹಸಿದಿತ್ತು. ಶಾರದೆಯದೂ.

ಕೇಬಲ್ ಇಳಿಯಿತು. ಸಜ್ಜಾ ಅಡ್ಡವಿದ್ದುದರಿಂದ ಗೋಡೆಗಂಟದೆ ಆಚೆ ತೂಗಾಡಿತು. ಗಾಳಿ ಬೀಸಿದ್ದೇ ತಡ, ಹೊಳೆಯುವ ಲೋಹದ ತುದಿ ತಂತಿಯತ್ತ ತೇಲಿ, ಇನ್ನೊಂದು ಮೊಳವಿರುವಾಗ ಹಿಂದೆ ಬಂತು. ಮೇಲಿನ ಕೊನೆ ಗಂಡನ ಬರಿಗೈಯಲ್ಲಿತ್ತು.

“ರೀ, ಮೇಲಕ್ಕೆಳ್ಕೊಳ್ಳಿ...” ಶಾರದೆ ಕೂಗಬೇಕೆಂದರೂ ಬಾಯಿಂದ ಪಿಸುಮಾತೇ ಹೊರಟಿತು.

“ಕೈಗೆ ಸಿಗ್ತಿಲ್ವಾ? ಪರದೆಯ ಅಲ್ಯೂಮಿನಿಯಂ ಕೊಳವೆ ಅಲ್ಲೇ ಇದೆಯಲ್ಲ, ಚಾಚಿ ಎಳ್ಕೊ. ಒಂದೇ ಸಲ!” ದಿನಕರ ಮೇಲಿನಿಂದ ಕೂಗಿದ.

ಗಂಡ ಕೇಳಿದ್ದನ್ನು ಎತ್ತಿ ಕೊಟ್ಟೇ ಅವಳಿಗೆ ರೂಢಿ. ಬಗ್ಗಿ ಕೊಳವೆ ಎತ್ತಿಯೂ ಬಿಟ್ಟಳು. ತಣ್ಣಗಿತ್ತು. ಆಚೆ ಅದೇ ಗುಂಯ್ ಸದ್ದು. ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ ದೇವರ ನಾಮ ಅರ್ಧಕ್ಕೇ ಮರೆತುಹೋಯಿತು. ಬೆವೆತ ಅಂಗೈಯಿಂದ ಕೊಳವೆ ಜಾರಿ ನೆಲಕ್ಕೆ ಬಿದ್ದು ಠಣ್ಣೆಂದಿತು.

“ಏನಾಯ್ತೇ? ಚಾಚು ಅಂದ್ನಲ್ಲ!”

ಶಾರದೆ ಕೊಳವೆಯನ್ನು ಕಾಲಿನಿಂದ ಮಂಚದಡಿ ತಳ್ಳಿದಳು. ಈ ಸಲ ದನಿ ಬೀದಿಗೇ ಕೇಳುವಂತೆ ಬಂತು.

“ಅತ್ತೆಗೆ ಪದ್ಯ ನಾನೇ ಓದಿ ಹೇಳ್ತೀನಿ. ಕೊಳವೆ ಮಾತ್ರ ಚಾಚಲ್ಲ ರೀ. ಚಾಚಲ್ಲ.”