ನೂರು ಕಿಲೋ ಬೆಲ್ಲ

ಜಿತೇಶನ ತೂಕ ತೊಂಬತ್ತೇಳು ಕಿಲೋ ಎಂದು ನಂಬಿದವರು ಲೋಕದಲ್ಲಿ ಇಬ್ಬರೇ ಇಬ್ಬರು, ಅವನ ತಾಯಿ ಮನೋರಮಾ ಮತ್ತು ಹೆಂಡತಿ ಸ್ವರ್ಣಲತಾ. ಬಚ್ಚಲುಮನೆಯ ತೂಕದ ಯಂತ್ರ ಫೋಟೋದಲ್ಲಿ ಹಾಗೆಂದು ಸಾಕ್ಷಿ ಹೇಳಿತ್ತು. ಆ ಸಾಕ್ಷಿ ಎಂಥದ್ದೆಂದು ಜಿತೇಶನಿಗೆ ಮಾತ್ರ ಗೊತ್ತಿತ್ತು.

ಮದುವೆಯಾಗಿ ಎಂಟು ವರ್ಷ. ಮೂರು ತಿಂಗಳ ಹಿಂದೆ ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಂಡ ಹೆಂಡತಿಯ ವರದಿಗಳನ್ನು ಅಕ್ಕಪಕ್ಕ ಇಟ್ಟು ಮಾತಾಡಿದ್ದರು. ಸ್ವರ್ಣಲತಾಳದ್ದರಲ್ಲಿ ತೊಂದರೆ ಏನೂ ಇರಲಿಲ್ಲ. ಐವತ್ತಾರು ಕಿಲೋ, ಎತ್ತರಕ್ಕೆ ತಕ್ಕ ತೂಕ, ಅದನ್ನು ಹಾಗೇ ಇಟ್ಟುಕೊಳ್ಳಿ ಎಂದರು. ಜಿತೇಶನ ಸರದಿ ಬಂದಾಗ ಅವರ ದನಿ ಇನ್ನಷ್ಟು ಮೆತ್ತಗಾಯಿತು, ಅವನಿಗೆ ಹೆಚ್ಚು ಚುಚ್ಚಿದ್ದು ಅದೇ. ನೂರೆಂಟು ಕಿಲೋ. ವೀರ್ಯಾಣುಗಳು ಕಡಿಮೆ, ಇದ್ದವೂ ಚುರುಕಾಗಿಲ್ಲ. ಎಲ್ಲವನ್ನೂ ತೂಕದ ತಲೆಗೆ ಕಟ್ಟಲಾಗದು, ಆದರೆ ಹತ್ತು ಕಿಲೋ ಇಳಿಸಿ, ಬೀರು ಸಿಗರೇಟು ಬಿಟ್ಟು, ದಿನಾ ಮುಕ್ಕಾಲು ಗಂಟೆ ನಡೆದರೆ ಸುಧಾರಿಸಬಹುದು ಎಂದರು. ಹೊಸ ವೀರ್ಯಾಣು ತಯಾರಾಗಲು ಸುಮಾರು ಮೂರು ತಿಂಗಳು ಬೇಕು, ಆಮೇಲೆ ಮತ್ತೆ ಪರೀಕ್ಷೆ ಮಾಡಿ ಐವಿಎಫ್ ಶುರು ಮಾಡೋಣ ಎಂದರು. ಕೊನೆಗೆ ಸ್ವರ್ಣಲತಾಳ ವಯಸ್ಸು ನೋಡಿ, ಮೂವತ್ತಾರು, ಇನ್ನು ಹೆಚ್ಚು ತಡ ಮಾಡುವುದು ಬೇಡ ಎಂದೂ ಸೇರಿಸಿದರು.

ಕಾರು ಕಟಪಾಡಿ ದಾಟುವಾಗ ಜಿತೇಶ ತನ್ನ ವರದಿಯ ಸಂಗತಿ ಅಮ್ಮನಿಗೆ ತಿಳಿಯುವುದು ಬೇಡ ಎಂದು ಬೇಡಿಕೊಂಡ. ಸ್ವರ್ಣಲತಾ ಕಿಟಕಿಯ ಕಡೆ ಮುಖ ತಿರುಗಿಸಿಯೇ ಒಪ್ಪಿದಳು.

"ಹೇಳುವುದಿಲ್ಲ. ನೀವು ಮೂರು ತಿಂಗಳು ಸರಿಯಾಗಿ ಮಾಡಿ. ನನಗೆ ಅಷ್ಟು ಸಾಕು."

ಕಾಪುವಿನ ಮನೆಗೆ ಬಂದವನು ತಾಯಿಗೆ, ಡಾಕ್ಟರು ತೂಕ ಇಳಿಸಬೇಕು ಎಂದಿದ್ದಾರೆ ಎಂದಷ್ಟೇ ಹೇಳಿದ. ಯಾರದ್ದು ಎಂದು ಹೇಳಲಿಲ್ಲ. ಇಬ್ಬರದ್ದೂ ಎಂಬಂತೆ ಗಾಳಿಯಲ್ಲಿ ಕೈಯಾಡಿಸಿದ. ಮಕ್ಕಳಾಗದ ಮನೆಯಲ್ಲಿ ಅರ್ಧ ಹೇಳಿದ ಮಾತು ಯಾರ ಮೇಲೆ ಹೋಗಿ ಕೂರುತ್ತದೆಂದು ಹೇಳಬೇಕಾಗಿಲ್ಲ. ಮನೋರಮಾ ಕೆಟ್ಟವರಲ್ಲ, ಆದರೆ ಕೈಗೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವರೂ ಅಲ್ಲ. ಮರುದಿನದಿಂದ ಸೊಸೆಯ ತಟ್ಟೆಗೆ ಎರಡನೇ ಸಲ ಅನ್ನದ ಸಟ್ಟುಗ ಹೋಗಲಿಲ್ಲ. ಮೀನಿನ ಸಾರಿನಲ್ಲಿ ಅವಳ ಪಾಲಿಗೆ ಬಂದದ್ದು ತಿಳಿ. ಚಹಾಕ್ಕೆ ಸಕ್ಕರೆ ನಿಂತಿತು. ಪಕ್ಕದ ಮನೆಯವರಿಗೂ, "ನಮ್ಮ ಸ್ವರ್ಣನಿಗೆ ಡಾಕ್ಟರು ಪಥ್ಯ ಹೇಳಿದ್ದಾರೆ" ಎಂದು ಸುದ್ದಿ ಹೋಯಿತು. ಸ್ವರ್ಣಲತಾ ಕೊಟ್ಟ ಮಾತಿಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ.

ಇತ್ತ ಜಿತೇಶನ ಪಥ್ಯ ನಾಲ್ಕು ದಿನ ನಡೆಯಿತು. ಐದನೆಯ ದಿನ ಅವನ ಹಾರ್ಡ್‌ವೇರ್ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಗೋಳಿಬಜೆ ಕರಿಯುವ ವಾಸನೆ ಬಂತು. ಒಂದು ಪ್ಲೇಟಿನಿಂದ ಏನಾಗುತ್ತದೆ ಎಂದುಕೊಂಡ. ಆ ಒಂದು ಪ್ಲೇಟು ಎಂದೂ ಒಂಟಿಯಾಗಿ ಬರಲಿಲ್ಲ. ವಾರ ತುಂಬುವಷ್ಟರಲ್ಲಿ ಸಂಜೆಯ ನಡಿಗೆ ಎಂದು ಹೊರಟವನು ಉಚ್ಚಿಲದ ಬಾರಿನಲ್ಲಿ ಬೀರಿನ ಜೊತೆ ಕೋಳಿ ಸುಕ್ಕ ತಿನ್ನತೊಡಗಿದ್ದ.

ವಾರಕ್ಕೊಮ್ಮೆ ತೂಕ ನೋಡಿ ಹೆಂಡತಿಯ ಮೊಬೈಲಿಗೆ ಫೋಟೋ ಕಳಿಸಬೇಕಿತ್ತು. ಅವಳು ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಮೊದಲ ಸಲ ಯಂತ್ರದ ಮೇಲೆ ನಿಂತಾಗ ಕೈ ಅಕಸ್ಮಾತ್ ಟವೆಲಿನ ಸರಳಿನ ಮೇಲೆ ಊರಿ ಅಂಕಿ ಇಳಿಯಿತು. ಆಮೇಲೆ ಅಕಸ್ಮಾತ್ ಏನೂ ಉಳಿಯಲಿಲ್ಲ. ಎಷ್ಟು ಒತ್ತಿದರೆ ಅರ್ಧ ಕಿಲೋ, ಎಷ್ಟು ಒತ್ತಿದರೆ ಒಂದು ಕಿಲೋ ಎಂಬುದು ಅವನ ಎಡಗೈಗೆ ಅಭ್ಯಾಸವಾಯಿತು. ಅಂಗಡಿಯಲ್ಲಿ ಮೊಳೆ, ಕಟ್ಟುತಂತಿ ತೂಗುವ ದೊಡ್ಡ ಯಂತ್ರವಿತ್ತು, ಹಿಡಿಯಲು ಸರಳಿಲ್ಲದ್ದು. ಅದರ ಮೇಲೆ ಅವನು ಒಮ್ಮೆಯೂ ಕಾಲಿಡಲಿಲ್ಲ. ಪ್ರತಿ ಭಾನುವಾರ ಕ್ಯಾಲೆಂಡರಿನ ಮುಂದೆ ಸ್ವರ್ಣಲತಾಳ ಮುಖ ಅರಳುವುದನ್ನು ನೋಡಿದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು. ಹೇಸಿಗೆಯಾದ ದಿನ ಅವನು ಹೆಚ್ಚು ತಿನ್ನುತ್ತಿದ್ದ.

ಹೀಗಿರುವಾಗ ಮನೋರಮಾ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಸಂತಾನಕ್ಕೆ ಅಡ್ಡಿ ಬರುತ್ತಿರುವುದು ತೀರಿಸದ ಒಂದು ಹರಕೆ ಎಂದು ಕವಡೆ ಹೇಳಿತು. ಮನೋರಮಾರಿಗೆ ತಕ್ಷಣ ನೆನಪಾಯಿತು. ಮಗ ಶಾರ್ಜಾದಲ್ಲಿದ್ದಾಗ ಕೊರೊನಾ ಹಿಡಿದು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದ. ಆಗ ಅವರು ತಮ್ಮ ತವರೂರು ಕುಕ್ಕುಂದೂರಿನ ದೇವರಿಗೆ, ಇವನು ಜೀವಂತ ಬಂದರೆ ಬೆಲ್ಲದಲ್ಲಿ ತುಲಾಭಾರ ಮಾಡಿಸುತ್ತೇನೆ ಎಂದಿದ್ದರು. ಮಗ ಬಂದ, ಅಂಗಡಿ ಇಟ್ಟ, ಬೆಲ್ಲ ಮರೆತುಹೋಯಿತು.

ಮಣಿಪಾಲದ ಮರುಪರೀಕ್ಷೆ ಮಂಗಳವಾರ. ಅದಕ್ಕಿಂತ ಮೊದಲು, ಭಾನುವಾರವೇ ಹರಕೆ ತೀರಿಸುವುದೆಂದಾಯಿತು. ಮನೋರಮಾ ಕ್ಯಾಲೆಂಡರ್ ನೋಡಿ, ತೊಂಬತ್ತೇಳು, ಮೇಲೆ ಮೂರು ಇರಲಿ ಎಂದು ಕಾರ್ಕಳದ ಪೇಟೆಯಲ್ಲಿ ನೂರು ಕಿಲೋ ಅಚ್ಚುಬೆಲ್ಲ ಹೇಳಿದರು. ಇನ್ನೂ ಇಪ್ಪತ್ತು ಕಿಲೋ ಇರಲಿ ಎನ್ನಲು ಜಿತೇಶನ ನಾಲಗೆ ತುದಿಗೆ ಬಂದಿತ್ತು. ಯಾಕೆ ಎಂದು ಕೇಳಿದರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆ ಎಂದು ಸುಮ್ಮನಾದ. ಉಳಿದ ಮೂರು ದಿನ ನಿಜವಾಗಿಯೂ ಗಂಜಿ ಕುಡಿದ. ಮೂರು ತಿಂಗಳಲ್ಲಿ ಆಗದ್ದು ಮೂರು ದಿನದಲ್ಲಿ ಆಗುವುದಿಲ್ಲ ಎಂದು ಹೊಟ್ಟೆಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಭಾನುವಾರ ಕುಕ್ಕುಂದೂರಿನ ದೇವಸ್ಥಾನದಲ್ಲಿ ಭಟ್ಟರು ಮಂತ್ರ ಹೇಳಿ ಅವನನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿದರು. ಇನ್ನೊಂದರಲ್ಲಿ ಹತ್ತು ಕಿಲೋದ ಪೆಟ್ಟಿಗೆಗಳು ಒಂದೊಂದಾಗಿ ಏರಿದವು. ಏಳು, ಎಂಟು, ಒಂಬತ್ತು. ಹತ್ತನೆಯದನ್ನೂ ಇಟ್ಟರು. ಜಿತೇಶನ ತಟ್ಟೆ ನೆಲ ಬಿಟ್ಟು ಕದಲಲಿಲ್ಲ. ಪೂಜೆಗೆ ಬಂದ ಹತ್ತು ಹನ್ನೆರಡು ಮಂದಿ ಮಾತು ನಿಲ್ಲಿಸಿ ನೋಡಿದರು. ಪದ್ಮಾಸನ ಹಾಕಿದ್ದ ಅವನ ಕಿವಿ ಬಿಸಿಯಾಯಿತು. ಬಾಯಿಗೆ ಬಂದ ಮೊದಲ ಮಾತನ್ನು ಆಡಿಬಿಟ್ಟ.

"ಭಟ್ರೇ, ತಕ್ಕಡಿಯಲ್ಲಿ ಎಂತದೋ ದೋಷ ಉಂಟು."

ಭಟ್ಟರ ಮುಖ ಸಣ್ಣದಾಯಿತು. ದೇವರ ತಕ್ಕಡಿ, ಹೋದ ವಾರವಷ್ಟೇ ಒಬ್ಬರನ್ನು ತೂಗಿದ್ದೇವೆ, ಬೇಕಾದರೆ ಯಾವುದನ್ನಾದರೂ ಇಟ್ಟು ನೋಡಿ ಎಂದರು. ಆಗ ಸ್ವರ್ಣಲತಾ ಮುಂದೆ ಬಂದಳು. ಮೊನ್ನೆ ರಕ್ತಪರೀಕ್ಷೆಗೆ ಹೋದಾಗ ಆಸ್ಪತ್ರೆಯಲ್ಲಿ ತನ್ನನ್ನು ತೂಗಿದ್ದಾರೆ, ನಲವತ್ತೆಂಟು ಕಿಲೋ, ತಾನು ಕೂರುತ್ತೇನೆ ಎಂದಳು. ಗಂಡನ ಮಾತು ನಿಜವೆಂದು ತೋರಿಸಲಿಕ್ಕೇ ಅವಳು ಬಂದಿದ್ದಳು. ಅವನು ಇಳಿದ, ಅವಳು ಕುಳಿತಳು. ನಾಲ್ಕು ಪೆಟ್ಟಿಗೆ, ಮೇಲೆ ಒಂದೊಂದು ಕಿಲೋದ ಎಂಟು ಅಚ್ಚು. ಎಂಟನೆಯ ಅಚ್ಚಿಗೆ ಅವಳ ತಟ್ಟೆ ಮೆಲ್ಲನೆ ಮೇಲೆದ್ದು ಸಮನಾಗಿ ನಿಂತಿತು.

ಸ್ವರ್ಣಲತಾ ತಕ್ಕಡಿಯ ಮುಳ್ಳನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಮೂರು ತಿಂಗಳ ಕ್ಯಾಲೆಂಡರ್ ಪೂರ್ತಿ ಅವಳಿಗೆ ಆ ಒಂದು ಗಳಿಗೆಯಲ್ಲಿ ಅರ್ಥವಾಯಿತು. ಜಿತೇಶ ತಲೆ ತಗ್ಗಿಸಿದ.

ಮನೋರಮಾ ಲೆಕ್ಕ ಹಾಕುತ್ತಿದ್ದುದು ಬೇರೆ.

"ನಲವತ್ತೆಂಟಾ? ನೀನು ಐವತ್ತಾರು ಇದ್ದವಳಲ್ವಾ ಸ್ವರ್ಣ? ಡಾಕ್ಟರು ಎಷ್ಟು ಇಳಿಸಲಿಕ್ಕೆ ಹೇಳಿದ್ದು ನಿನಗೆ?"

ಸ್ವರ್ಣಲತಾ ಕೊಟ್ಟ ಮಾತನ್ನು ಅಲ್ಲಿಯೂ ಮುರಿಯಲಿಲ್ಲ. ತನ್ನ ಮಾನ ಇಷ್ಟು ದಿನ ಇವಳ ಹಸಿವಿನ ಮೇಲೆ ನಿಂತಿತ್ತು ಎಂದು ಜಿತೇಶನಿಗೆ ಹೊಳೆದದ್ದು ಆಗ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದ, ಅದು ಬಿಡಲಿಲ್ಲ.

"ಅಮ್ಮ, ಇಳಿಸಲಿಕ್ಕೆ ಹೇಳಿದ್ದು ನನಗೆ," ಎಂದ. "ನನಗೆ ಮಾತ್ರ. ದೋಷ ಇರುವುದು ನನ್ನಲ್ಲಿ. ಅವಳಲ್ಲಿ ಎಂತದೂ ಇಲ್ಲ. ನಾನೇ ಹೇಳಬೇಡ ಎಂದದ್ದು. ತೂಕದ ಫೋಟೋ ಎಲ್ಲ ಸುಳ್ಳು."

ಮನೋರಮಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಸೊಸೆಯ ಮಣಿಕಟ್ಟನ್ನು ನೋಡುತ್ತ ನಿಂತರು. ಬಳೆಗಳು ಮೊಣಕೈವರೆಗೆ ಜಾರಿದ್ದವು. ಎರಡನೇ ಸಲ ಎತ್ತದ ಸಟ್ಟುಗ ಅವರಿಗೂ ನೆನಪಾಗಿರಬೇಕು.

ಸ್ವರ್ಣಲತಾ ತಟ್ಟೆಯಿಂದ ಇಳಿದಳು. ಅಳಲಿಲ್ಲ, ದನಿ ಏರಿಸಲಿಲ್ಲ.

"ಬರುವ ತಿಂಗಳು ನನಗೆ ಮೂವತ್ತೇಳು," ಎಂದಳು. "ಇನ್ನು ಪುನಃ ಮೂರು ತಿಂಗಳು, ಅಲ್ವಾ?"

ಮಂಗಳವಾರದ ಪರೀಕ್ಷೆ ಏನು ಹೇಳುತ್ತದೆಂದು ಇಬ್ಬರಿಗೂ ಈಗಲೇ ಗೊತ್ತಿತ್ತು.

ಹರಕೆಯನ್ನು ಅರ್ಧಕ್ಕೆ ಬಿಡುವಂತಿಲ್ಲ. ಪೇಟೆಯಿಂದ ಇನ್ನೊಂದು ಪೆಟ್ಟಿಗೆ ಬೆಲ್ಲ ಬರುವವರೆಗೆ ಅವನು ತಟ್ಟೆಯಲ್ಲಿಯೇ ಕುಳಿತಿದ್ದ, ನೆಲಕ್ಕೆ ಅಂಟಿಕೊಂಡು, ಬಂದುಹೋಗುವವರ ಕಣ್ಣಿಗೆಲ್ಲ ಬೀಳುತ್ತ. ಬೆಲ್ಲ ಬಂದಾಗ ಅಚ್ಚುಗಳನ್ನು ಸ್ವರ್ಣಲತಾಳೇ ಇಟ್ಟಳು, ಬಾಯಲ್ಲಿ ಎಣಿಸುತ್ತ. ನೂರ ಆರು, ನೂರ ಏಳು. ನೂರೆಂಟಕ್ಕೆ ತಟ್ಟೆ ಎದ್ದಿತು. ಆಸ್ಪತ್ರೆ ಹೇಳಿದ್ದ ಅದೇ ಅಂಕಿ, ಒಂದು ಕಿಲೋ ಆಚೆ ಇಲ್ಲ, ಈಚೆ ಇಲ್ಲ. ಆ ಅಂಕಿಯ ಕಥೆ ತಿಳಿಯದ ಭಟ್ಟರು, ನೂರೆಂಟು ಒಳ್ಳೆಯ ಸಂಖ್ಯೆ, ದೇವರು ಒಪ್ಪಿದ ಹಾಗೆ ಎಂದು ಸಂತೋಷಪಟ್ಟರು.

ಪ್ರಸಾದಕ್ಕೆಂದು ಒಂದು ಅಚ್ಚು ಒಡೆದು ಭಟ್ಟರು ಮೊದಲ ತುಂಡನ್ನು ಜಿತೇಶನ ಕೈಗೆ ಹಾಕಿದರು. ಅವನು ಅದನ್ನು ಬಾಯಿಗಿಡಲಾರದೆ ಹೆಂಡತಿಯ ಕಡೆ ಚಾಚಿದ. ಬೇಡವೆನ್ನುತ್ತಾಳೆ, ಕೈ ತಳ್ಳುತ್ತಾಳೆ ಎಂದುಕೊಂಡಿದ್ದ. ಹಾಗಾಗಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ತೆಗೆದುಕೊಂಡು ಬಾಯಿಗೆ ಹಾಕಿದಳು. ನಿಂತಲ್ಲೇ, ಯಾರನ್ನೂ ನೋಡದೆ, ಗಬಗಬ ಜಗಿದಳು. ಆಮೇಲೆ ಕೈಯನ್ನು ಅತ್ತೆಯ ಮುಂದೆ ಚಾಚಿದಳು.

"ಅತ್ತೆ, ಇನ್ನೊಂದು ತುಂಡು ಕೊಡಿ."