ಇಬ್ಬರ ಲೆಕ್ಕಕ್ಕೂ ಬರುವ ಗೋಡೆ

ನೆಲ್ಯಹುದಿಕೇರಿಯ ಆ ಖಾಸಗಿ ಪಿಯು ಕಾಲೇಜಿನಲ್ಲಿ ಉಷಾರಾಣಿ ಅಂದು ರಸಾಯನಶಾಸ್ತ್ರದ ಮಾದರಿ ಪಾಠ ಮಾಡಬೇಕಿತ್ತು. ಹಿಂದಿನ ಎರಡು ಕಾಲೇಜಿನವರು ಅನುಭವ ಇಲ್ಲವೆಂದು ವಾಪಸು ಕಳಿಸಿದ್ದರು. ಇಲ್ಲಿಯೂ ಕೆಲಸ ಸಿಗದಿದ್ದರೆ ಎಂ.ಎಸ್ಸಿ.ಯನ್ನು ಟ್ರಂಕಿನಲ್ಲಿಟ್ಟು, ಅತ್ತಿಗೆಯ ಹೊಲಿಗೆ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವುದೇ ಗತಿ.

ರಜೆಯಾದ್ದರಿಂದ ವಿದ್ಯಾರ್ಥಿಗಳಿರಲಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷ ಬೆಳ್ಳಿಯಪ್ಪ ಅದಕ್ಕೂ ದಾರಿ ಹುಡುಕಿದ್ದರು. ತಮ್ಮ ಕಾಫಿ ಎಸ್ಟೇಟಿನ ಲೈನ್‌ಮನೆಗಳಲ್ಲಿದ್ದ ಕೂಲಿ ಹೆಂಗಸರನ್ನು ಜೀಪಿನಲ್ಲಿ ತುಂಬಿ ತಂದು ಬೆಂಚುಗಳ ಮೇಲೆ ಕೂರಿಸಿದ್ದರು.

"ಇವರಿಗೆ ಅರ್ಥ ಆದ್ರೆ ನಮ್ಮ ಹುಡುಗರಿಗೂ ಆಗ್ತದೆ," ಎಂದು ಪ್ರಾಂಶುಪಾಲ ನಾಗೇಶ್ವರರ ಪಕ್ಕದಲ್ಲಿ ಕೂತರು.

ಉಷಾರಾಣಿ ಬೋರ್ಡಿನ ಮೇಲೆ ಕ್ಲೋರಿನ್ನಿನ ಗುರುತು ಬರೆದು ಸುತ್ತ ಏಳು ಚುಕ್ಕಿ ಇಟ್ಟಳು. "ಟ್ಯಾಂಕಿನ ನೀರಿಗೆ ಹಾಕ್ತಾರಲ್ಲ, ಅದೇ ಇದು. ಚುಕ್ಕಿ ಅಂದ್ರೆ ಎಲೆಕ್ಟ್ರಾನ್. ಎಂಟಾದ್ರೆ ಇದಕ್ಕೆ ಸಮಾಧಾನ." ಪಕ್ಕದಲ್ಲಿ ಅಂಥದ್ದೇ ಇನ್ನೊಂದು. "ಇಬ್ಬರೂ ಒಂದೊಂದು ಚುಕ್ಕಿ ನಡುವೆ ಇಡ್ತಾರೆ. ಆ ಜೋಡಿ ಇಬ್ಬರ ಲೆಕ್ಕಕ್ಕೂ ಬರುತ್ತೆ. ಈಗ ಇವರಿಗೂ ಎಂಟು, ಅವರಿಗೂ ಎಂಟು."

ಮುಂದಿನ ಬೆಂಚಿನ ದೊಡ್ಡಿ ತಲೆ ಅಲ್ಲಾಡಿಸಿದಳು. "ಏಳು ಏಳು ಹದಿನಾಲ್ಕಲ್ವಾ ಟೀಚರೇ? ಹದಿನಾರು ಹೆಂಗಾಯ್ತು? ಕಾಫಿ ಪಿಕ್ಕಿಂಗ್ ತೂಕ ಹಿಂಗೆ ಹೇಳಿದ್ರೆ ಲೆಕ್ಕ ಬರೆಯೋ ರೈಟರ್ ನಮ್ಮನ್ನ ಗೇಟಿಂದ ಆಚೆ ಹಾಕ್ತಾರೆ."

"ಹೌದಲ್ಲ ನಾಗೇಶ್ವರ, ಎರಡು ಎಲ್ಲಿಂದ ಬಂತು?" ಎಂದರು ಬೆಳ್ಳಿಯಪ್ಪ.

"ನಂದು ಇತಿಹಾಸ, ಸಾರ್."

ಉಷಾರಾಣಿಗೆ ಫಾಲ್ ಹಚ್ಚುವ ಸೂಜಿ ಕಣ್ಣ ಮುಂದೆ ಬಂತು.

"ನಿಮ್ಮ ಮನೆಗೆ ಗೋಡೆ ಎಷ್ಟಮ್ಮ?" ಎಂದು ದೊಡ್ಡಿಯನ್ನು ಕೇಳಿದಳು.

"ನಾಲ್ಕು. ಜೋಡಿಮನೆ ನಮ್ದು. ಪಕ್ಕದ್ದು ಇವಳದು, ಚೋಮಿದು. ಅವಳಿಗೂ ನಾಲ್ಕು."

"ಎರಡೂ ಮನೆ ಸೇರಿ ಎಂಟು ಗೋಡೆ ಕಟ್ಟಿದ್ದಾರಾ?"

ದೊಡ್ಡಿ ಬೆರಳು ಮಡಚಿದಳು. "ಏಳೇ. ನಡುವಿಂದು ಒಂದೇ ಅಲ್ವಾ."

"ಅದು ಯಾರದು?"

"ನಂದು," ಎಂದಳು ದೊಡ್ಡಿ.

"ನಂದು," ಎಂದಳು ಚೋಮಿ.

"ಇಬ್ಬರು ಹೇಳಿದ್ದೂ ಸರಿ. ಇಲ್ಲೂ ಹಾಗೇ," ಎಂದು ಉಷಾರಾಣಿ ನಡುವಿನ ಜೋಡಿಚುಕ್ಕಿಯನ್ನು ತೋರಿಸಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಮಾದರಿ ಪಾಠವೇ ಆಗುತ್ತಿತ್ತು. "ಆ ಗೋಡೆ ಇಬ್ಬರಿಗೂ ಸಮ ಸೇರಿದ್ದು," ಎಂದೂ ಸೇರಿಸಿದಳು.

"ಸಮ ಆದ್ರೆ ಸುಣ್ಣ ನಾನೊಬ್ಬಳೇ ಯಾಕೆ ಬಳೀಬೇಕು?" ಎಂದಳು ದೊಡ್ಡಿ. "ಇವಳು ಕ್ಯಾಲೆಂಡರಿಗೆ ಮೊಳೆ ಹೊಡೆದ್ರೆ ಗಾರೆ ನನ್ನ ಸಾರಿನ ಪಾತ್ರೆಗೆ ಬೀಳ್ತದೆ."

"ನಿನ್ನ ಗಂಡನ ಗೊರಕೆ ನಮ್ಮ ಕಡೆ ಕೇಳ್ತದಲ್ಲ, ಅದೂ ನನ್ನ ಲೆಕ್ಕಕ್ಕಾ?"

ಬೆಂಚುಗಳು ಎರಡು ಪಕ್ಷವಾದವು. ಗೊರಕೆಯಿಂದ ಮೊಳೆಗೆ, ಮೊಳೆಯಿಂದ ಹೋದ ಮಳೆಗಾಲದಲ್ಲಿ ಆ ಗೋಡೆ ಬಿಟ್ಟ ಬಿರುಕಿಗೆ ಮಾತು ಬಂತು. ಬಿರುಕಿನ ಮಾತು ಬಂದಿದ್ದೇ ಎರಡೂ ಪಕ್ಷ ಒಂದಾಗಿ ಬೆಳ್ಳಿಯಪ್ಪನವರ ಕಡೆ ತಿರುಗಿತು.

"ಬಿರುಕು ಯಾರ ಲೆಕ್ಕಕ್ಕೆ ಸಾವ್ಕಾರ್ರೇ?" ಎಂದಳು ಚೋಮಿ.

ಬೆಳ್ಳಿಯಪ್ಪ ಎದ್ದು ನಿಂತರು. "ಮೊದಲು ಪಾಠದ್ದು ಹೇಳು. ಚುಕ್ಕಿ ಒಟ್ಟು ಎಷ್ಟು?"

"ಹದಿನಾಲ್ಕು. ಆದ್ರೆ ಇಬ್ಬರಿಗೂ ಎಂಟೆಂಟು. ಅದು ಗೊತ್ತಾಯ್ತು. ಬಿರುಕು ಹೇಳಿ."

"ಮೇಸ್ತ್ರಿನ ಕಳಿಸ್ತೇನೆ," ಎಂದು ಬೆಳ್ಳಿಯಪ್ಪ ಉಷಾರಾಣಿಯ ಹತ್ತಿರ ಬಂದು ದನಿ ತಗ್ಗಿಸಿದರು. "ಜೂನ್‌ನಿಂದ ಬನ್ನಿ. ಗೋಡೆ ಮಾತ್ರ ಬೇಡ. ಬೇರೆ ಎಂತಾದ್ರೂ ಹೇಳಿ."

"ಬೇಲಿ ಹೇಳಬಹುದಾ, ಸಾರ್?"

ನಾಗೇಶ್ವರ ಕೆಮ್ಮಿದರು. "ಪಕ್ಕದ ತೋಟದವರ ಜೊತೆ ಸಾಹೇಬರ ಬೇಲಿ ಕೇಸು ಮಡಿಕೇರಿ ಕೋರ್ಟಿನಲ್ಲಿದೆ."

"ಚುಕ್ಕಿ ಸಾಕು," ಎಂದರು ಬೆಳ್ಳಿಯಪ್ಪ. "ಚುಕ್ಕಿ ಇಡಿ, ಅಷ್ಟೇ."