ಹಸಿರು ಸುತ್ತಿನವರೆಗೆ

ಅಕ್ಕ ಹೆಣೆದದ್ದನ್ನು ಬಿಚ್ಚಬೇಕೆಂದು ಲೆಕ್ಚರರ್ ಹೇಳಿದಾಗ ತಂಗಿ ಅದನ್ನು ಮಡಿಲಿಗೆ ಎಳೆದುಕೊಂಡಳು. ಅಕ್ಕ ತೀರಿಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ.

ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಅಕ್ಕ ಕ್ರೋಶಾ ಕಡ್ಡಿ ಹಿಡಿದು ಉಲ್ಲನ್ ನೂಲಿನಲ್ಲಿ ಒಂದು ಲೆಕ್ಕವನ್ನೇ ಹೆಣೆಯುತ್ತಿದ್ದಳು. ನಿಯಮ ಸಣ್ಣದು: ಪ್ರತಿ ಮೂರು ಕುಣಿಕೆಗೆ ಒಂದು ಕುಣಿಕೆ ಹೆಚ್ಚು. ಸುತ್ತು ಸುತ್ತಿಗೂ ಅಂಚು ಬೆಳೆಯುತ್ತದೆ, ಬೆಳೆದ ಅಂಚಿಗೆ ಜಾಗ ಸಾಲದು, ಸಾಲದ್ದಕ್ಕೆ ಅಲೆ ಅಲೆಯಾಗಿ ಏಳುತ್ತದೆ. ಪದ್ಯ ಓದುವ ರಾಗದಲ್ಲೇ ಎಣಿಸುತ್ತಿದ್ದಳು: "ಒಂದು, ಎರಡು, ಮೂರಕ್ಕೆ ಜೋಡಿ."

"ಇಷ್ಟೆಲ್ಲ ಕಷ್ಟಪಟ್ಟು ಎಲೆಕೋಸು ಮಾಡ್ತಿದ್ದೀಯಲ್ಲಕ್ಕಾ, ಮಾರ್ಕೆಟ್ಟಲ್ಲಿ ಸಿಗಲ್ವಾ?" ಎಂದು ತಂಗಿ ಕಾಲೆಳೆಯುತ್ತಿದ್ದಳು.

"ಎಲೆಕೋಸೇ ಕಣೇ. ದೇವರು ಈ ಲೆಕ್ಕಾನ ಮೊದಲು ಮಾಡಿದ್ದು ಅದರಲ್ಲೇ."

ಲೆಕ್ಚರರ್ ಅಕ್ಕನ ಹಳೆಯ ಶಿಷ್ಯ. ಕಾಲೇಜಿನ ಕಲಾ ಪ್ರದರ್ಶನಕ್ಕೆ ಇದನ್ನು ಒಯ್ಯಲು ಬಂದವನು ಅಂಚು ಸವರಿ ನೋಡಿದ.

"ಆಂಟಿ, ಕೊನೆಯ ಕಂದು ಸುತ್ತುಗಳು ಚಪ್ಪಟೆಯಾಗಿವೆ. ಜೋಡಿ ತಪ್ಪಿದೆ. ಟೀಚರ್ ಇದನ್ನ ಹೀಗೇ ಇಡೋಕೆ ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ತಂಗಿಗೂ ಗೊತ್ತು.

"ಕಂದು ಅಷ್ಟೇ ತಾನೇ?" ಎಂದು ಕೊನೆಯ ಗಂಟು ಬಿಡಿಸಿ ಎಳೆದಳು.

ಆಸ್ಪತ್ರೆಯ ಮಂಚದ ಮೇಲೆ ಅಕ್ಕ ಹೆಣೆದ ಸುತ್ತುಗಳು ಸರಸರನೆ ಬಿಚ್ಚಿಕೊಂಡವು. ಕಂದು ಮುಗಿದು ನೀಲಿ ಬಂತು. ಎಣಿಸಿದಳು; ಅಲ್ಲೂ ತಪ್ಪು. ನೀಲಿ ಹೆಣೆಯುವಾಗ ಅಕ್ಕ ಮನೆಯಲ್ಲೇ ಇದ್ದಳು, ಕಾಯಿಲೆಯ ಮಾತೇ ಇರಲಿಲ್ಲ. ಅದನ್ನೂ ಬಿಚ್ಚಿದಳು. ಹಸಿರಿನಲ್ಲಿ ತಪ್ಪುಗಳು ವಿರಳವಾಗುತ್ತ ಬಂದು, ಕೊನೆಗೆ ಒಂದೇ ಒಂದು ಒಂಟಿಯಾಗಿ ಸಿಕ್ಕಿತು. ಅಲ್ಲಿಯವರೆಗೂ ಬಿಚ್ಚಿದಳು. ಅದರೊಳಗಿನ ಸುತ್ತುಗಳೆಲ್ಲ ಸರಿ.

ಹಸಿರು ಹೆಣೆಯುವ ದಿನಗಳಲ್ಲಿ ತಂಗಿ ಮಗಳ ಹೆರಿಗೆಗೆಂದು ದೂರದ ಊರಿನಲ್ಲಿದ್ದಳು. ಒಮ್ಮೆ ಫೋನಿನಲ್ಲಿ ಅಕ್ಕ ಮಾತಿನ ನಡುವೆ ತಡೆದು, "ಎಲ್ಲಿದ್ದೆ ನಾನು?" ಅಂದಿದ್ದಳು. "ಅರಳುಮರಳು ಶುರುವಾಯ್ತು ನೋಡು!" ಎಂದು ತಂಗಿ ನಕ್ಕಿದ್ದಳು. ಅಕ್ಕನೂ ನಕ್ಕಿದ್ದಳು. "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ. ನೀನು ನಿಧಾನಕ್ಕೆ ಬಾ."

ತಂಗಿ ನಿಧಾನಕ್ಕೇ ಬಂದಿದ್ದಳು.

ಕಣ್ಣು ಮಂಜಾಗಿ ಕುಣಿಕೆ ಕಾಣದಾಯಿತು. ಬೆರಳಿನ ಅಂದಾಜಿನಲ್ಲೇ ನೂಲು ಕತ್ತರಿಸಿ ಗಂಟು ಹಾಕಿದಳು.

"ಇಷ್ಟೇ. ತಗೊಂಡು ಹೋಗು."

"ಮತ್ತೆ ಹೆಣೆಯಲ್ವಾ ಆಂಟಿ? ಆವಿ ಹಿಡಿದ್ರೆ ನೂಲು ನೆಟ್ಟಗಾಗತ್ತೆ."

ಮಡಿಲ ತುಂಬ ಬಿದ್ದಿದ್ದ ನೂಲು ಅಕ್ಕ ಹಾಕಿದ ಒಂದೊಂದು ಕುಣಿಕೆಯ ಬಾಗನ್ನೂ ಬಿಡದೆ ಸುರುಳಿ ಸುರುಳಿಯಾಗಿತ್ತು.

"ಬೇಡಪ್ಪ," ಎಂದು ಅದನ್ನು ಎರಡೂ ಕೈಯಿಂದ ಎದೆಗೆ ಬಾಚಿಕೊಂಡಳು.